ಗೆದ್ದ ತಟ್ಟೆ

ಅಮ್ಮಾ,

ನಾನು ಟೆನಿಸ್‌ನಲ್ಲಿ ಮೊದಲ ನೂರರೊಳಗೆ ಬಂದಾಗ ಅಪ್ಪ ನಮ್ಮೂರು ವೋಲೋಸ್‌ನ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಕುಣಿದಿದ್ದ. ಮೊದಲ ಪ್ರಶಸ್ತಿಯ ಫೈನಲ್ ದಿನ ಮಾತ್ರ ಫೋನಿಗೇ ಬರಲಿಲ್ಲ. "ಮಲಗಿದ್ದಾರೆ ಕಣೇ, ನೀನು ಆಟ ನೋಡ್ಕೋ" ಅಂತ ನೀನಂದೆ. ಹಿಂದಿನ ದಿನವೇ ಅಪ್ಪನನ್ನು ಮಣ್ಣು ಮಾಡಿ ಬಂದಿದ್ದಿರಿ. ಗೆದ್ದ ಮೇಲೆ ನಾನು ಏನೂ ಗೊತ್ತಿಲ್ಲದೆ ಅಪ್ಪನ ಹಾಗೇ ಕುಣಿದೆ. ಊರೆಲ್ಲ ಟಿವಿಯಲ್ಲಿ ನೋಡಿತು.

ಭಾನುವಾರ ನಲವತ್ತನೇ ದಿನದ ಪ್ರಾರ್ಥನೆಗೆ ಬರ್ತೀನಿ. ಗೆದ್ದ ಬೆಳ್ಳಿ ತಟ್ಟೆ ತರ್ತೀನಿ. ಅಪ್ಪನ ಹೆಸರಲ್ಲಿ ಹಂಚೋ ಬೇಯಿಸಿದ ಗೋಧಿಯನ್ನು ಅದರಲ್ಲೇ ಚರ್ಚಿಗೆ ಒಯ್ಯೋಣ. ಮೇಲೆ ಸಕ್ಕರೆ ಹರಡೋ ಕೆಲಸ ನನಗಿರಲಿ. ಆಟದ ತಟ್ಟೆ ಚರ್ಚಿಗ್ಯಾಕೆ ಅಂತ ಸೋದರತ್ತೆ ಬೈದರೆ ಬೈಯಲಿ.

ಸಿಟ್ಟಿಲ್ಲ ಅಂತ ಸುಳ್ಳು ಹೇಳಲ್ಲ. ನಾಳೆ ನಿನಗೇನಾದರೂ ಆದರೆ ನನ್ನಿಂದ ಮುಚ್ಚಿಡಬೇಡಿ ಅಂತ ಅತ್ತೆಗೆ ಈಗಲೇ ಹೇಳಿಡು. ಸೋತು ಮನೆಗೆ ಬರೋದು ನನಗೆ ಗೊತ್ತಮ್ಮಾ. ಅದನ್ನೂ ಅಪ್ಪನೇ ಕಲಿಸಿದ್ದ.

ನಿನ್ನ ಮಗಳು,
ಇವಾಂಥಿಯಾ