ಸೈಕಲ್ ಅಂಗಡಿಯ ಬೋರ್ಡು

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನೀವು ಈ ಮನೆ ಬಿಟ್ಟು ನಾಲ್ಕು ವರ್ಷವಾಯಿತು. ಆದರೂ ನಿಮ್ಮನ್ನು ಬೇರೆ ಹೇಗೆ ಕರೆಯಬೇಕೆಂದು ತಿಳಿಯಲಿಲ್ಲ. ನಾವು ಕ್ಷೇಮ.

ಮೊನ್ನೆ ಸೈಕಲ್ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಬಿಳಿ ಹಲಗೆ, ನೀಲಿ ಅಕ್ಷರ, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಕ್ಷರದ ಹೊಟ್ಟೆಯನ್ನು ಅಷ್ಟು ಗುಂಡಗೆ ತಿರುಗಿಸಿ ಕೊನೆಗೆ ಸಣ್ಣ ಬಾಲ ಬಿಡುವವರು ಈ ಊರಿನಲ್ಲಿ ನೀವೊಬ್ಬರೇ. ಆದರೆ ಗೆರೆ ನಡುಗಿತ್ತು, ನೀರಿನಲ್ಲಿ ಕಂಡ ನೆರಳಿನ ಹಾಗೆ. ನಾನು ಬೀದಿಯಲ್ಲೇ ನಿಂತು ಕಣ್ಣೊರೆಸಿಕೊಂಡೆ.

ನಿಮ್ಮ ಗೆರೆ ದಾರ ಹಿಡಿದಂತೆ ನೆಟ್ಟಗಿದ್ದ ಕಾಲವನ್ನು ಬಲ್ಲವಳು ನಾನು. ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾಗದ ಕೈ, ಒಂದಿಷ್ಟು ಹೆಂಡ ಒಳಗೆ ಹೋದಮೇಲೆ ಕಲ್ಲಿನಂತೆ ನಿಲ್ಲುತ್ತಿತ್ತು. ಜನ ಗೆರೆಯನ್ನು ಮೆಚ್ಚುತ್ತಿದ್ದರು. ನಾನು ಹಳದಿಗಟ್ಟಿದ ನಿಮ್ಮ ಕಣ್ಣುಗಳನ್ನು ನೋಡುತ್ತಿದ್ದೆ. ಔಷಧಿ ಅಂಗಡಿಯ ಗೋಡೆ ಬರೆಯುವಾಗ ಏಣಿಯಿಂದ ಜಾರಿ, ಕೆಳಗೆ ಬಣ್ಣದ ಡಬ್ಬ ಹಿಡಿದು ನಿಂತಿದ್ದ ಮಗಳ ಮೇಲೆ ಬಿದ್ದಿರಿ. ಅವಳ ಭುಜದ ಮೂಳೆ ಮುರಿದಿತ್ತು, ನೀವು ನಗುತ್ತಿದ್ದಿರಿ. ಆ ಸಂಜೆ ನಿಮ್ಮ ಪೆಟ್ಟಿಗೆಯನ್ನು ಹೊರಗಿಟ್ಟೆ. ಅದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ.

ಅಂಗಡಿಯವನು ನನ್ನನ್ನು ಗಿರಾಕಿ ಎಂದುಕೊಂಡು ಗೊಣಗಿದ. "ನೋಡಿ ಮೇಡಂ, ಅಕ್ಷರಕ್ಕೇ ಚಳಿಜ್ವರ ಬಂದ ಹಾಗಿದೆ. ಒಂದು ಗುಟುಕು ಹಾಕ್ಕೊಂಡು ಬನ್ನಿ ಸ್ವಾಮಿ, ನಾನೇ ಕೊಡಿಸ್ತೀನಿ, ಕೈ ನಿಲ್ಲುತ್ತೆ ಅಂದೆ ಬರೆಯೋರಿಗೆ. ಆಸಾಮಿ ಒಪ್ಪಲಿಲ್ಲ." ಏನೆಂದರು ಎಂದು ಕೇಳಿದೆ. "ಕೈ ನಿಲ್ಲುತ್ತೆ ಸಾಹುಕಾರ್ರೇ, ಆಮೇಲೆ ನಾನು ನಿಲ್ಲಲ್ಲ ಅಂದ್ರು. ಮತ್ತೆ ಏಣಿ ಹತ್ತಿ, ಎಡಗೈಲಿ ಬಲಗೈ ಹಿಡ್ಕೊಂಡು ಸಂಜೆ ತನಕ ಬರೆದ್ರು. ಇಂಥ ಹಟಮಾರಿನ ನಾನು ನೋಡಿಲ್ಲ ಬಿಡಿ" ಎಂದ.

ನಾನು ನೋಡಿದ್ದೇನೆ, ಸಂಸಾರವನ್ನೇ ಮಾಡಿದ್ದೇನೆ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಚಿತ್ರಮಂದಿರದ ದೊಡ್ಡ ಗೋಡೆ ನಿಮಗೆ ಸಿಕ್ಕಿದೆಯೆಂದೂ ಅವನೇ ಹೇಳಿದ. ಊರಿಗೆ ಊರೇ ನೋಡುವ ಗೋಡೆ. ಅಲ್ಲಾದರೂ ಗೆರೆ ನೆಟ್ಟಗಿರಲಿ ಎಂಬ ಆಸೆ ನಿಮಗೆ ಬಂದೇ ಬರುತ್ತದೆ. ಒಂದೇ ಗುಟುಕು, ಈ ಗೋಡೆಗೆ ಮಾತ್ರ ಎಂದು ಮನಸ್ಸು ಪುಸಲಾಯಿಸುತ್ತದೆ. ಅದಕ್ಕೇ ಈ ಪತ್ರ. ಅಲ್ಲಿಯೂ ಗೆರೆ ನಡುಗಲಿ. ನಗುವವರು ನಗಲಿ. ನಾನು ಕಾಲೇಜಿಗೆ ಹೋಗುವ ಬಸ್ಸು ದಿನವೂ ಆ ಗೋಡೆಯ ಮುಂದೆಯೇ ಹಾಯುತ್ತದೆ. ನಾನು ಪಾಠ ಹೇಳುವ ಯಾವ ಕವಿತೆಗಿಂತಲೂ ಆ ನಡುಕವನ್ನು ಹೆಚ್ಚು ಪ್ರೀತಿಯಿಂದ, ತಲೆಯೆತ್ತಿ ಓದುತ್ತೇನೆ.

ಮನೆಗೆ ಬನ್ನಿ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ. ಹೆಮ್ಮೆಯನ್ನು ಮಾತ್ರ ಮುಚ್ಚಿಡಲಾರೆ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಮಗಳು ಇಷ್ಟು ವರ್ಷ ನಿಮ್ಮ ಸುದ್ದಿಯನ್ನೇ ಎತ್ತಿದವಳಲ್ಲ. ಬೋರ್ಡಿನ ವಿಷಯ ನಾನೂ ಅವಳಿಗೆ ಹೇಳಿರಲಿಲ್ಲ. ನಿನ್ನೆ ಅವಳೂ ಅವಳ ಗೆಳತಿಯೂ ನನ್ನ ಜೊತೆ ಆ ಬೀದಿಯಲ್ಲಿ ಬರುತ್ತಿದ್ದರು. ಗೆಳತಿ ಹಲಗೆ ನೋಡಿ, "ಯಾರೋ ಹೊಸಬರು ಬರೆದಿರಬೇಕು, ಇನ್ನೂ ಕೈ ಕುದುರಿಲ್ಲ" ಎಂದು ನಕ್ಕಳು. ಮಗಳು ಗಕ್ಕನೆ ನಿಂತಳು. "ಹೊಸಬರಲ್ಲ ಕಣೇ, ನಮ್ಮಪ್ಪ" ಎಂದಳು.