ಬಾಯಿಗೆ ಅಡ್ಡ ಹಿಡಿದ ಬನ್ನು

ಅಕ್ಕಾ,

ಭುಜದ ನೋವು ಇಳಿದಿದೆ, ಅಮ್ಮನಿಗೆ ಹೇಳಿಬಿಡು.

ಟೆನಿಸ್ ಡಬಲ್ಸ್ ಆಡುವಾಗ ನಾವು ಬಾಯಿಗೆ ಚೆಂಡು ಅಡ್ಡ ಹಿಡಿದು ಪಿಸುಗುಟ್ಟುತ್ತೇವಲ್ಲ, ಎದುರಾಳಿಗೆ ತುಟಿ ಕಾಣದಿರಲಿ ಅಂತ? ಈ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಕೂತ ಜೋಡಿಗಳೆಲ್ಲ ಅಭ್ಯಾಸಬಲದಿಂದ ಬನ್ನು ಅಡ್ಡ ಹಿಡಿದೇ ಮಾತಾಡುತ್ತಾರೆ! ನೀನಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಇವತ್ತು ನನ್ನ ಜೊತೆಗಾರ್ತಿ, ನಮ್ಮ ಕಡ್ಡಿಯೂ ಹಾಗೇ ಬನ್ನು ಹಿಡಿದು, "ಮಂಡಿ ಕೈಕೊಟ್ಟಿದೆ ಕಣೇ. ನನಗೆ ಇದೇ ಕೊನೇ ಟೂರ್ನಿ. ನೀನು ಬೇರೆಯವಳನ್ನ ನೋಡ್ಕೋ" ಅಂದಳು. ಇಷ್ಟು ವರ್ಷ ಜೊತೆಗೆ ಆಡಿದವಳು!

"ನಲವತ್ತಮೂರನೇ ವಯಸ್ಸಿಗೆ ನನಗ್ಯಾರೇ ಸಿಗ್ತಾರೆ? ಮೊದಲು ಬನ್ನು ಕೆಳಗಿಟ್ಟು ಹೇಳು" ಅಂದೆ.

ಇಟ್ಟಳು. ಆಮೇಲೆ ಅವಳಿಗೆ ಮಾತೇ ಹೊರಡಲಿಲ್ಲ.

ಈಚೆಗೆ ದೂರದ ಚೆಂಡನ್ನೆಲ್ಲ ನನಗೇ ಬಿಡುತ್ತಿದ್ದಳು. ನನ್ನ ಮೇಲಿನ ನಂಬಿಕೆ ಅಂದುಕೊಂಡೆ. ನೋವಿರಬಹುದು ಅಂತ ಯಾಕೆ ಹೊಳೆಯಲಿಲ್ಲವೋ.

ಮಧ್ಯಾಹ್ನ ಪಂದ್ಯವಿದೆ. ಅವಳನ್ನು ನೆಟ್ಟಿನ ಹತ್ತಿರ ನಿಲ್ಲಿಸಿ, ಅವಳ ಪಾಲಿನ ಓಟವನ್ನೂ ನಾನೇ ಓಡುತ್ತೇನೆ. ಬೇರೆ ಯಾರನ್ನೂ ಹುಡುಕುವುದಿಲ್ಲ ಅಂತ ಇನ್ನೂ ಅವಳಿಗೆ ಹೇಳಿಲ್ಲ. ಅದನ್ನು ಅಂಕಣದಲ್ಲಿ ಚೆಂಡು ಅಡ್ಡ ಹಿಡಿದೇ ಹೇಳಬೇಕು. ಎದುರೆದುರು ನನ್ನಿಂದಲೂ ಆಗದು.

ವ್ಯಾನು ಬಂತು.

ನಿನ್ನ ತಂಗಿ