ಎಳ್ಳು ಬೀರಿದ ದಿನ

ಜನವರಿ ನಲವತ್ತೊಂದು, 2287
ಮದ್ದೂರು ಒಳಕೇರಿ

ಮೊದಲ ಮಗುವಿನ ಮೊದಲ ಹಬ್ಬಕ್ಕೆ ಅಣಿಯಾಗುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳಿಗೆ ನಲವತ್ತೈದು ದಿನ. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಒಳಕೇರಿ ಎಂದರೆ ಬಿಸಿಲಿಗೆ ಹೆದರಿ ನೆಲದಡಿ ಕಟ್ಟಿಕೊಂಡ ಬೀದಿ. ಕೂಸುಬೀಗ ಎಂದರೆ ಹೆರಿಗೆಯಾದ ಮನೆಗೆ ಬೀಳುವ ಬೀಗ. ಹಿಂದೊಮ್ಮೆ ಕೇರಿಯ ಕೂಸುಗಳಿಗೆ ಒಂದು ಜ್ವರ ಬಂದಿತ್ತಂತೆ. ಅದನ್ನು ಕಂಡವರು ಈಗ ಯಾರೂ ಇಲ್ಲ, ಬೀಗ ಮಾತ್ರ ಉಳಿದಿದೆ. ಮಗುವಿಗೆ ವರ್ಷ ತುಂಬುವವರೆಗೆ ತಾಯಿ, ತಂದೆ, ಮಗು ಮೂವರೂ ಒಳಗೇ ಇರಬೇಕು. ಊಟ ಗೋಡೆಯ ಗೂಡಿಗೆ ಬರುತ್ತದೆ. ಬಾಗಿಲನ್ನು ಒಳಗಿನಿಂದ ತೆಗೆಯಬಹುದು, ಯಾರೂ ತಡೆಯುವುದಿಲ್ಲ. ಆದರೆ ತೆಗೆದ ದಿನದಿಂದ ವರ್ಷದ ಎಣಿಕೆ ಮತ್ತೆ ಮೊದಲಿನಿಂದ ಶುರು.

ಯುಗಾದಿಗೆ, ಗೌರಿಗೆ, ದೀಪಾವಳಿಗೆ ನಮ್ಮ ಚೆಲುವಿಗೆ ಹೊಸ ಬಟ್ಟೆ ಹಾಕಿ ಗೋಡೆಗೆ ತೋರಿಸಿದೆವು. ಸಂಕ್ರಾಂತಿ ಬಂತು. ನನ್ನ ಮುತ್ತಜ್ಜಿಯ ಪುಸ್ತಕದಲ್ಲಿ ‘ಮಗುವಿನ ಮೊದಲ ಸಂಕ್ರಾಂತಿಗೆ ಎಳ್ಳು ಬೀರು’ ಎಂದಷ್ಟೇ ಇತ್ತು. ನನ್ನ ಗಂಡ ಜವರಪ್ಪ ಮಹಾ ಶಿಸ್ತಿನ ಮನುಷ್ಯ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಬೆರೆಸಿ, ಬಟ್ಟೆ ಇಡುವ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು! ಮಗಳನ್ನು ಅದರ ಮುಂದೆ ಕೂರಿಸಿ ಆರತಿ ಎತ್ತಿದೆವು. ನಾನಂತೂ ಬೀರುವಿಗೆ ಅಡ್ಡಬಿದ್ದೆ.

ಮೂರನೆಯ ದಿನ, ಎದುರುಮನೆಯ ಮುದುಕಿ ಸಣ್ಣತಾಯಮ್ಮ ಮಾತುಗೊಳವೆಯಲ್ಲಿ ಹಬ್ಬ ಹೇಗಾಯಿತೆಂದು ವಿಚಾರಿಸಿದರು. ಮಾತುಗೊಳವೆ ಎಂದರೆ ಮನೆಯಿಂದ ಮನೆಗೆ ದನಿ ಹೋಗುವ ಕೊಳವೆ. ನಾನು ಎಲ್ಲ ಹೇಳಿದೆ.

“ಅಯ್ಯೋ ಪೆದ್ದು ಮುಂಡೇವಾ, ಬೀರೋದು ಅಂದ್ರೆ ಮನೆ ಮನೆಗೂ ಹೋಗಿ ಹಂಚೋದು ಕಣ್ರವ್ವ! ಕೂಸ್ನ ಎತ್ಕೊಂಡೋಗ್ಬೇಕು, ಕಂಡೋರೆಲ್ಲ ಮುದ್ದಾಡ್ಬೇಕು.”

ಜವರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮಗಳ ಕೆನ್ನೆಯನ್ನು ನಾವಿಬ್ಬರು ಬಿಟ್ಟು ಇನ್ನೊಬ್ಬರು ಮುಟ್ಟಿರಲಿಲ್ಲ. ಇನ್ನು ನಲವತ್ತೇ ದಿನ, ತಡೆದುಕೋ ಎಂದು ಜವರಪ್ಪ ಅಂಗಲಾಚಿದರು. ನಾನು ಚೆಲುವಿಯನ್ನು ಎತ್ತಿಕೊಂಡು ಬಾಗಿಲು ತೆಗೆದೆ. ಅವರು ಬೀರುವಿನ ಬೀಗ ತೆಗೆದು, ಎಳ್ಳಿನ ತಟ್ಟೆ ಹಿಡಿದು ಹಿಂದೆಯೇ ಬಂದರು.

ಸಣ್ಣತಾಯಮ್ಮ ತಮ್ಮ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದರು. ಮೂರನೆಯ ಮುಖವೊಂದನ್ನು ಚೆಲುವಿ ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಕಿಟಾರನೆ ಕಿರುಚಿ ನನ್ನ ಕತ್ತಿನಲ್ಲಿ ಮುಖ ಹುದುಗಿಸಿದಳು. ಉಸಿರು ಸಿಕ್ಕಿಕೊಳ್ಳುವಷ್ಟು ಅತ್ತಳು. “ಅಳ್ಲಿ ಬುಡವ್ವ, ಹೊಸಬ್ರನ್ನ ಕಂಡ್ರೆ ಮಕ್ಳು ಅಳ್ದೆ ಇದ್ದಾವಾ” ಎಂದರು ಮುದುಕಿ. ಆದರೆ ಕೈ ಹಿಂದೆ ತೆಗೆದುಕೊಂಡುಬಿಟ್ಟಿದ್ದರು. ಅಷ್ಟರಲ್ಲಿ, ಬಾಗಿಲು ತೆಗೆದವರನ್ನು ಒಳಗೆ ಕರೆಯುವ ಕೇರಿಯ ಗಂಟೆ ಹೊಡೆಯಿತು. ಒಳಗೆ ಹೋದೆವು, ಬೀಗ ಬಿತ್ತು.

ಎಣಿಕೆ ಮತ್ತೆ ಮೊದಲಿನಿಂದ ಶುರುವಾಗಿ, ಬರುವ ಸಂಕ್ರಾಂತಿಯೂ ಮೂರೇ ದಿನದಿಂದ ತಪ್ಪಿತು. ಜವರಪ್ಪ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಿಮ್ಮಿಂದ ಒಂದು ಉಪಕಾರವಾಗಬೇಕು. ಈ ಹಬ್ಬಕ್ಕೆ ನಿಮ್ಮ ಮಗುವನ್ನು ಎತ್ತಿಕೊಂಡು ಅಕ್ಕಪಕ್ಕದ ಮನೆಗಳಿಗೆ ಹೋಗಿ. ಕೇಳಿದವರ ಕೈಗೆಲ್ಲ ಕೊಡಿ. ಅತ್ತರೆ ಗಾಬರಿಯಿಂದ ಕಿತ್ತುಕೊಳ್ಳಬೇಡಿ, ಸ್ವಲ್ಪ ಹೊತ್ತು ಅಳಲಿ. ನನ್ನ ಮಗಳು ಈಗ ಬಾಗಿಲನ್ನು ಕಂಡರೂ ಅಳುತ್ತಾಳೆ.

ಇಂತಿ,
ಚೆಲುವಿಯ ಅವ್ವ ದೇವೀರಮ್ಮ